ಮೇಜಿನ ಮೇಲಿನ ಹಾಯಿ ಹಡಗಿಗೆ ನಿಜವಾದ ಗಾಳಿ ಬೀಸಲಿ

ಹಾಯಿ ಹಡಗುಗಳ ಮಿನಿಯೇಚರ್ ಆಟ, ಅಂದರೆ ಪುಟ್ಟ ಮಾದರಿ ಹಡಗುಗಳನ್ನು ಮೇಜಿನ ಮೇಲಿಟ್ಟು ಆಡುವ ಸಮುದ್ರಯುದ್ಧದ ಆಟ, ಆಡಿದವರಿಗೆ ಇದು ಗೊತ್ತಿರುತ್ತದೆ. ಎರಡು ಕಡೆಯ ಹಡಗುಗಳು ಮೇಜಿನ ನಡುವೆ ಬಂದು ಸೇರುತ್ತವೆ. ಆಮೇಲೆ ಅಲ್ಲೇ ಗಿರಕಿ ಹೊಡೆಯುತ್ತಾ ಗುಂಡು ಹಾರಿಸುತ್ತವೆ. ಗಾಳಿಯ ದಿಕ್ಕು ತೋರಿಸುವ ಬಾಣ ಮೇಜಿನ ಮೂಲೆಯಲ್ಲಿ ಸುಮ್ನೆ ಬಿದ್ದಿರುತ್ತದೆ. ನಿಯಮ ಪುಸ್ತಕ ತೆಗೆದು ನೋಡಿದರೆ ತೋಪುಗಳಿಗೆ ಹತ್ತು ಪುಟ, ಗಾಳಿಗೆ ಒಂದು ಪುಟ.

ಆದರೆ ಆ ಕಾಲದ ಕ್ಯಾಪ್ಟನ್ನರಿಗೆ ಮೊದಲ ತಲೆನೋವು ಶತ್ರು ಆಗಿರಲಿಲ್ಲ, ಗಾಳಿ ಆಗಿತ್ತು. ಹಡಗು ತಿರುಗಲು ಹೊತ್ತು ಬೇಕು. ಹೋಗಬೇಕಾದ ಕಡೆಗೆ ನೇರ ಹೋಗಲು ಆಗುವುದಿಲ್ಲ. ಸುಮ್ಮನೆ ನಿಂತರೂ ಅದು ನಿಲ್ಲುವುದಿಲ್ಲ, ಜಾರುತ್ತಲೇ ಇರುತ್ತದೆ. ಈ ಮೂರು ವಿಷಯ ಮೇಜಿನ ಮೇಲೆ ಬಂದರೆ ಆಟವೇ ಬೇರೆಯಾಗುತ್ತದೆ. ಎರಡು ಸರದಿ ಮುಂದೆ ಯೋಚಿಸದವನು ಸೋಲುತ್ತಾನೆ. ನನಗೆ ಈ ಆಟದಲ್ಲಿ ಇಷ್ಟವಾಗುವುದೇ ಅದು.

ಕೆಳಗಿನ ಹೌಸ್ ರೂಲ್‌ಗಳನ್ನು (ನಾವೇ ಮಾಡಿಕೊಂಡ ನಿಯಮಗಳನ್ನು) ನೀವು ಆಡುವ ಯಾವ ಆಟಕ್ಕಾದರೂ ಜೋಡಿಸಿಕೊಳ್ಳಬಹುದು. ಗುಂಡು ಹಾರಿಸುವ ನಿಯಮ, ಹಾನಿ ಲೆಕ್ಕ ಎಲ್ಲ ನಿಮ್ಮ ಆಟದ್ದೇ ಇರಲಿ. ನಾನು ಬದಲಾಯಿಸುವುದು ಹಡಗು ಓಡುವ ರೀತಿಯನ್ನು ಮಾತ್ರ. ಲೆಕ್ಕಗಳೆಲ್ಲ 18ನೇ ಶತಮಾನದ ಕೊನೆ ಮತ್ತು 19ನೇ ಶತಮಾನದ ಆರಂಭದ ಹಡಗುಗಳಿಗೆ ಹೊಂದುತ್ತವೆ.

ಮೊದಲು ಅಳತೆ ಸರಿ ಮಾಡಿಕೊಳ್ಳಿ

ಒಂದು ನಾಟ್ ಅಂದರೆ ಗಂಟೆಗೆ 1852 ಮೀಟರ್. ಒಂದು ನಿಮಿಷಕ್ಕೆ ಭಾಗಿಸಿದರೆ ಸುಮಾರು 31 ಮೀಟರ್. ಹಾಗಾಗಿ ಮೇಜಿನ ಮೇಲಿನ 1 ಸೆಂಟಿಮೀಟರನ್ನು ಸಮುದ್ರದ 30 ಮೀಟರ್ ಅಂತ ಇಟ್ಟುಕೊಂಡರೆ ಲೆಕ್ಕ ಬಹಳ ಸುಲಭ: ಒಂದು ನಾಟ್ ವೇಗ, ಒಂದು ನಿಮಿಷ, ಒಂದು ಸೆಂಟಿಮೀಟರ್. ನಾನು ಒಂದು ಸರದಿಯನ್ನು 3 ನಿಮಿಷ ಅಂತ ಲೆಕ್ಕ ಹಾಕುತ್ತೇನೆ. ಆಗ 6 ನಾಟ್ ವೇಗದ ಹಡಗು ಒಂದು ಸರದಿಯಲ್ಲಿ 18 ಸೆಂಟಿಮೀಟರ್ ಹೋಗುತ್ತದೆ.

1:1200 ಅಳತೆಯ ಮಾದರಿ ಈ ಲೆಕ್ಕಕ್ಕೆ ದೊಡ್ಡದೇ. ಎಚ್‌ಎಂಎಸ್ ವಿಕ್ಟರಿ ಎಂಬ ಬ್ರಿಟಿಷ್ ಯುದ್ಧನೌಕೆಯ ತೋಪಿನ ಅಂತಸ್ತು 186 ಅಡಿ ಉದ್ದ. 1:1200 ಮಾದರಿಯಲ್ಲಿ ಅದು ಸುಮಾರು 4.7 ಸೆಂಟಿಮೀಟರ್ ಆಗುತ್ತದೆ, ನಮ್ಮ ಮೇಜಿನ ಲೆಕ್ಕದಲ್ಲಿ 2 ಸೆಂಟಿಮೀಟರ್ ಸಾಕಿತ್ತು. ಪರವಾಗಿಲ್ಲ. ಎಲ್ಲ ದೂರವನ್ನೂ ಮಾದರಿಯ ನಡು ಕೂವೆಮರದಿಂದ (ಹಾಯಿ ಕಟ್ಟುವ ಕಂಬದಿಂದ) ಅಳೆಯಿರಿ, ಅಷ್ಟೇ.

ಗಾಳಿಯ ಬಲಕ್ಕೆ ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ ಮಾಡಿದ ಅಳತೆಯೇ ಸಾಕು. ಅವನ ಮೂಲ ಅಳತೆ ಗಾಳಿಯ ವೇಗ ಹೇಳುತ್ತಿರಲಿಲ್ಲ. ಒಂದು ಯುದ್ಧನೌಕೆ ಎಲ್ಲ ಹಾಯಿ ಬಿಚ್ಚಿ ಎಷ್ಟು ಓಡುತ್ತದೆ, ಎಷ್ಟು ಹಾಯಿ ಹೊರುತ್ತದೆ ಅಂತ ಹೇಳುತ್ತಿತ್ತು. ನಮಗೆ ಬೇಕಾದದ್ದೂ ಅದೇ ಅಲ್ವಾ? ಅಳತೆ 2ರಲ್ಲಿ ಹಡಗು 1ರಿಂದ 2 ನಾಟ್, 3ರಲ್ಲಿ 3ರಿಂದ 4, 4ರಲ್ಲಿ 5ರಿಂದ 6 ನಾಟ್ ಓಡುತ್ತದೆ. ಹಾಗಾಗಿ ನನ್ನ ಮೇಜಿನಲ್ಲಿ ಎಲ್ಲ ಹಾಯಿ ಬಿಚ್ಚಿದಾಗಿನ ಗರಿಷ್ಠ ಓಟ ಹೀಗಿದೆ: ಮೆಲುಗಾಳಿಗೆ 6 ಸೆಂ.ಮೀ., ಹದವಾದ ಗಾಳಿಗೆ 12, ಒಳ್ಳೆಯ ಗಾಳಿಗೆ 18, ಜೋರು ಗಾಳಿಗೆ 24. ಯುದ್ಧದ ಹೊತ್ತಿನಲ್ಲಿ ಕೆಳಗಿನ ದೊಡ್ಡ ಹಾಯಿಗಳನ್ನು ಮೇಲೆತ್ತಿ ಕಟ್ಟಿ, ಮುಖ್ಯವಾಗಿ ಅವುಗಳ ಮೇಲಿನ ಟಾಪ್‌ಸೈಲ್ ಹಾಯಿಗಳಿಂದಲೇ ಹೋಗುತ್ತಿದ್ದರು. ಬೆಂಕಿಯ ಭಯವೂ ಇತ್ತು, ಕಣ್ಣಿಗೆ ಅಡ್ಡವೂ ಆಗುತ್ತಿತ್ತು. ಅದಕ್ಕೆ "ಯುದ್ಧ ಹಾಯಿ" ಅಂತ ಹೇಳಿ ಮೇಲಿನ ಸಂಖ್ಯೆಯ ಮೂರರಲ್ಲಿ ಎರಡು ಭಾಗ ಕೊಡಿ.

ಗಾಳಿಚಕ್ರ ಕತ್ತರಿಸಿ

ಗಟ್ಟಿ ಕಾಗದದ ಒಂದು ವೃತ್ತ. ಅದನ್ನು 16 ಸಮ ಭಾಗ ಮಾಡಿ. ಒಂದು ಗೆರೆಗೆ ಸೊನ್ನೆ, ಅಲ್ಲಿಂದ ಎರಡೂ ಕಡೆಗೆ 1ರಿಂದ 8 ಅಂತ ಬರೆಯಿರಿ. ಒಂದು ಭಾಗ 22.5 ಡಿಗ್ರಿ. ನಾವಿಕರ ದಿಕ್ಸೂಚಿಯಲ್ಲಿ 32 ಪಾಯಿಂಟ್ ಇರುತ್ತವೆ, ನಮ್ಮ ಒಂದು ಭಾಗ ಅವರ ಎರಡು ಪಾಯಿಂಟ್. ಚಕ್ರವನ್ನು ಹಡಗಿನ ಮೇಲೆ ಹಿಡಿದು, ಸೊನ್ನೆಯ ಗೆರೆಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ. ಹಡಗಿನ ಮೂತಿ ಎಷ್ಟನೇ ಗೆರೆಯಲ್ಲಿದೆ ಅಂತ ನೋಡಿ.

ಚೌಕ ಹಾಯಿಯ ಹಡಗು (ಹಡಗಿಗೆ ಅಡ್ಡಲಾಗಿ ಹಾಯಿ ಕಟ್ಟಿದ್ದು) ಗಾಳಿಗೆ 6 ಪಾಯಿಂಟ್‌ಗಿಂತ ಹತ್ತಿರ ಹೋಗಲಾರದು. ಅಂದರೆ ಮೂರನೇ ಗೆರೆ. ಅದರ ಒಳಗೆ ಎರಡೂ ಕಡೆ ಸೇರಿ 135 ಡಿಗ್ರಿ ಸಮುದ್ರ ಅದಕ್ಕೆ ಮುಚ್ಚಿದ ಬಾಗಿಲು. ಬಹಳ ಆಟಗಳು ಇಲ್ಲಿ ಉದಾರವಾಗಿ 45 ಡಿಗ್ರಿ ಕೊಟ್ಟುಬಿಡುತ್ತವೆ. ಅದು ಸ್ಕೂನರ್, ಕಟರ್ ತರಹ ಹಡಗಿನ ಉದ್ದಕ್ಕೆ ಹಾಯಿ ಕಟ್ಟಿದ ಸಣ್ಣ ಹಡಗುಗಳಿಗೆ ಸರಿ. 74 ತೋಪಿನ ಹಡಗಿಗೆ ಸರಿಯಲ್ಲ.

ಉಳಿದ ಕಡೆ ಓಟ ಹೀಗಿರಲಿ. ಗರಿಷ್ಠವನ್ನು ಹತ್ತು ಅಂತ ಇಟ್ಟುಕೊಳ್ಳಿ:

3ರಿಂದ 4ನೇ ಗೆರೆ, ಗಾಳಿಗೆ ಒತ್ತಿ ಹೋಗುವಾಗ: ಚೌಕ ಹಾಯಿಗೆ 5, ಉದ್ದ ಹಾಯಿಗೆ 7.
4ರಿಂದ 6, ಅಡ್ಡಗಾಳಿ: ಚೌಕಕ್ಕೆ 8, ಉದ್ದಕ್ಕೆ 10.
6ರಿಂದ 7, ಹಿಂಬದಿಯ ಓರೆ ಗಾಳಿ: ಚೌಕಕ್ಕೆ 10, ಉದ್ದಕ್ಕೆ 9.
7ರಿಂದ 8, ಬೆನ್ನ ಹಿಂದಿನ ಗಾಳಿ: ಚೌಕಕ್ಕೆ 8, ಉದ್ದಕ್ಕೆ 6.

ಉದ್ದ ಹಾಯಿಯ ಹಡಗಿಗೆ 2ರಿಂದ 3ನೇ ಗೆರೆಯೂ ತೆರೆದಿದೆ, ಅಲ್ಲಿ ಅದಕ್ಕೆ 5. ಮೂತಿ ಸರಿಯಾಗಿ ಗೆರೆಯ ಮೇಲೇ ಇದ್ದರೆ ಹಡಗಿನವನಿಗೆ ಲಾಭವಾಗುವ ಸಂಖ್ಯೆ ತೆಗೆದುಕೊಳ್ಳಿ.

ಹೊಸಬರು ಯಾವಾಗಲೂ ಕೇಳುವ ಪ್ರಶ್ನೆ: ಗಾಳಿ ನೇರ ಬೆನ್ನಿಗೆ ಬಡಿದರೆ ಅದೇ ಜಾಸ್ತಿ ವೇಗ ಆಗಬೇಕಲ್ವಾ? ಆಗುವುದಿಲ್ಲ. ಹಿಂದಿನ ಕೂವೆಮರದ ಹಾಯಿಗಳು ಮುಂದಿನ ಹಾಯಿಗಳಿಗೆ ಸಿಗಬೇಕಾದ ಗಾಳಿಯನ್ನು ತಡೆದುಬಿಡುತ್ತವೆ. ಓರೆಯಾಗಿ ಬಂದರೆ ಎಲ್ಲ ಹಾಯಿಗೂ ಪಾಲು ಸಿಗುತ್ತದೆ.

ಜಾರುವಿಕೆ: ಒಂದೇ ನಿಯಮ ಸೇರಿಸುವುದಾದರೆ ಇದನ್ನು ಸೇರಿಸಿ

ಹಾಯಿಗೆ ಗಾಳಿ ಬಡಿದಾಗ ಹಡಗು ಮುಂದೆ ಹೋಗುವುದರ ಜೊತೆಗೆ ಪಕ್ಕಕ್ಕೂ ಸರಿಯುತ್ತದೆ. ಎಲ್ಲರ ಓಟ ಮುಗಿದ ಮೇಲೆ ಎಲ್ಲ ಹಡಗುಗಳನ್ನೂ ಒಟ್ಟಿಗೆ, ಮೂತಿಯ ದಿಕ್ಕು ಬದಲಾಯಿಸದೆ, ಗಾಳಿ ಹೋಗುವ ಕಡೆಗೆ ನೇರವಾಗಿ ಸರಿಸಿ. ಗಾಳಿಗೆ ಒತ್ತಿ ಹೋಗುತ್ತಿದ್ದರೆ ಓಡಿದ ಪ್ರತಿ 5 ಸೆಂಟಿಮೀಟರಿಗೆ 1. ಅಡ್ಡಗಾಳಿಯಲ್ಲಿ ಪ್ರತಿ 10ಕ್ಕೆ 1. ಓರೆ ಗಾಳಿ, ಬೆನ್ನ ಗಾಳಿಗೆ ಏನೂ ಇಲ್ಲ. ನಿಂತ ಹಡಗಿಗೆ ಸರದಿಗೆ 3 ಸೆಂಟಿಮೀಟರ್. ಒಂದು ಕೂವೆಮರವಾದರೂ ಬಿದ್ದಿದ್ದರೆ ಎಲ್ಲವೂ ಎರಡರಷ್ಟು.

ಇದು ಚಿಕ್ಕ ಸಂಖ್ಯೆ ಅನಿಸುತ್ತದೆ. ಒಮ್ಮೆ ಲೆಕ್ಕ ಹಾಕಿ ನೋಡಿ. ಮೂರನೇ ಗೆರೆಯಲ್ಲಿ 10 ಸೆಂಟಿಮೀಟರ್ ಓಡಿದರೆ ಗಾಳಿಯ ಕಡೆಗೆ ನೀವು ಗಳಿಸುವುದು 4 ಸೆಂಟಿಮೀಟರಿಗೂ ಕಡಿಮೆ. ಅದರಲ್ಲಿ 2 ಸೆಂಟಿಮೀಟರ್ ಜಾರುವಿಕೆಗೆ ಹೋಯಿತು. ಕೈಗೆ ಸಿಕ್ಕಿದ್ದು ಎರಡಕ್ಕಿಂತ ಸ್ವಲ್ಪ ಕಡಿಮೆ. ಮೇಜಿನ ಮೇಲೆ 50 ಸೆಂಟಿಮೀಟರ್ ಗಾಳಿಯತ್ತ ಏರಬೇಕಾದರೆ ಹಡಗು ಸುಮಾರು 270 ಸೆಂಟಿಮೀಟರ್ ಓಡಬೇಕು. ಒಳ್ಳೆಯ ಗಾಳಿಯಲ್ಲೂ ಅದು 30 ಸರದಿ. ಒಂದು ಸಂಜೆಯಲ್ಲಿ ಮುಗಿಯದ ಆಟ.

ಗಾಳಿ ಬರುವ ಬದಿ ಹಿಡಿಯುವುದಕ್ಕೆ ಆ ಕಾಲದ ಅಡ್ಮಿರಲ್‌ಗಳು ಒಮ್ಮೊಮ್ಮೆ ದಿನಗಟ್ಟಲೆ ಯಾಕೆ ಒದ್ದಾಡುತ್ತಿದ್ದರು ಅಂತ ನನಗೆ ಅರ್ಥವಾಗಿದ್ದು ಈ ಲೆಕ್ಕ ಹಾಕಿದ ಮೇಲೆಯೇ. ಆಟಕ್ಕೂ ಇದರಿಂದ ಒಂದು ಪಾಠ ಇದೆ. ಗಾಳಿಬದಿ ಯಾರಿಗೆ ಅನ್ನುವುದನ್ನು ಹಡಗು ಇಡುವ ಮೊದಲೇ ದಾಳ ಹಾಕಿಯೋ, ಮಾತಾಡಿಕೊಂಡೋ ತೀರ್ಮಾನಿಸಿ. ಆಟ ಶುರುವಾದ ಮೇಲೆ ಅದು ಸುಲಭವಾಗಿ ಕೈ ಬದಲಾಗುವುದಿಲ್ಲ.

ಜಾರುವಾಗ ಇನ್ನೊಂದು ಹಡಗಿಗೆ ತಾಗಿದರೆ ಎರಡೂ ಸಿಕ್ಕಿಹಾಕಿಕೊಂಡವು ಅಂತ ಲೆಕ್ಕ. ಅಲ್ಲಿಂದ ಮುಂದೆ ಎರಡೂ ಒಟ್ಟಿಗೆ 3 ಸೆಂಟಿಮೀಟರ್ ಜಾರುತ್ತವೆ. ಗಾಳಿ ಹೋಗುವ ಕಡೆ ದಡ ಅಥವಾ ಬಂಡೆ ಇಟ್ಟರಂತೂ ಆಟದ ಬಿಸಿಯೇ ಬೇರೆ.

ಟ್ಯಾಕ್ ಮತ್ತು ವೇರ್

ಗಾಳಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಲು ಎರಡು ದಾರಿ. ಮೂತಿಯನ್ನು ಗಾಳಿಗೆ ಎದುರಾಗಿ ದಾಟಿಸಿದರೆ ಟ್ಯಾಕ್. ಗಾಳಿಗೆ ಬೆನ್ನು ತಿರುಗಿಸಿ ಸುತ್ತಿ ಬಂದರೆ ವೇರ್. ಟ್ಯಾಕ್‌ನಲ್ಲಿ ಹಡಗು 12 ಪಾಯಿಂಟ್ ತಿರುಗುತ್ತದೆ, ವೇರ್‌ನಲ್ಲಿ 20. ಟ್ಯಾಕ್ ಹತ್ತಿರದ ದಾರಿ, ಆದರೆ ಕೈಕೊಡಬಹುದು. ವೇರ್ ದೂರದ ದಾರಿ, ಕೈಕೊಡುವುದು ಕಡಿಮೆ. ಈ ಆಯ್ಕೆ ಕ್ಯಾಪ್ಟನ್ನನ ಮುಂದೆ ಪ್ರತಿ ಸಲ ಬರಬೇಕು. ಎರಡನ್ನೂ ಬರೀ "ತಿರುಗು" ಅಂತ ಒಂದೇ ಮಾಡುವ ಆಟಗಳು ಈ ವಿದ್ಯೆಯ ತಿರುಳನ್ನೇ ಬಿಟ್ಟುಬಿಡುತ್ತವೆ.

ಟ್ಯಾಕ್‌ಗೆ ನಾನು ಹೀಗೆ ಮಾಡುತ್ತೇನೆ. ಹಡಗು ಗಾಳಿಗೆ ಒತ್ತಿ ಓಡುತ್ತಿರಬೇಕು. ಆ ಗೆರೆಗೆ ಸಿಗುವ ಓಟದ ಅರ್ಧವಾದರೂ ಹಿಂದಿನ ಸರದಿಯಲ್ಲಿ ಓಡಿರಬೇಕು. ಸರದಿಯ ಆರಂಭದಲ್ಲೇ "ಟ್ಯಾಕ್" ಅಂತ ಬರೆದಿಡಿ. ಅರ್ಧ ಓಟ ಓಡಿಸಿ, ಮೂತಿಯನ್ನು ಗಾಳಿಗೆ ನೇರ ಮಾಡಿ, ಎರಡು ದಾಳ ಹಾಕಿ. ಮೊತ್ತ 6 ಅಥವಾ ಮೇಲೆ ಬಂದರೆ ಸರಿ. ಮುಂದಿನ ಸರದಿಯ ಕೊನೆಗೆ ಹಡಗು ಆ ಕಡೆಯ ಮೂರನೇ ಗೆರೆಯಲ್ಲಿ ಅರ್ಧ ವೇಗದಲ್ಲಿ ಇರುತ್ತದೆ. ಪಳಗಿದ ನಾವಿಕರಿದ್ದರೆ ದಾಳಕ್ಕೆ 1 ಸೇರಿಸಿ, ಹೊಸಬರಿದ್ದರೆ 1 ಕಳೆಯಿರಿ. ಮೆಲುಗಾಳಿಗೆ 1 ಕಳೆಯಿರಿ, ಏಳುಬೀಳುವ ಸಮುದ್ರಕ್ಕೂ 1. ಹಿಂದಿನ ಕೂವೆಮರ ಇಲ್ಲವಾದರೆ 2 ಕಳೆಯಿರಿ, ಏಕೆಂದರೆ ಹಿಂಬದಿಯನ್ನು ತಳ್ಳಿ ಮೂತಿಯನ್ನು ಗಾಳಿಗೆ ತಿರುಗಿಸುವುದು ಆ ಹಾಯಿಯೇ. ಉದ್ದ ಹಾಯಿಯ ಹಡಗಿಗೆ 3 ಸೇರಿಸಿ.

ದಾಳ ಕೈಕೊಟ್ಟರೆ ಹಡಗು ಗಾಳಿಗೆ ಮುಖ ಮಾಡಿ ಸಿಕ್ಕಿಬಿತ್ತು. ಮುಂದಿನ ಸರದಿಯಲ್ಲಿ ಅದು 2 ಸೆಂಟಿಮೀಟರ್ ಹಿಂದಕ್ಕೆ ಹೋಗಿ, ಮೇಲಿಂದ 3 ಸೆಂಟಿಮೀಟರ್ ಜಾರುತ್ತದೆ. ಮತ್ತೆ ಎರಡು ದಾಳ. 5 ಅಥವಾ ಮೇಲೆ ಬಂದರೆ ಮೂತಿ ಆಚೆಗೋ ಈಚೆಗೋ ಬೀಳುತ್ತದೆ, ಯಾವ ಕಡೆ ಅನ್ನುವುದನ್ನು ಕ್ಯಾಪ್ಟನ್ ಹೇಳಬಹುದು. ಆದರೆ ವೇಗ ಸೊನ್ನೆಯಿಂದ ಶುರು. ಶತ್ರುವಿನ ಎದುರು ಹೀಗೆ ಸಿಕ್ಕಿಬಿದ್ದ ಹಡಗನ್ನು ನೋಡಿದರೆ ನನಗೆ ಎದುರಾಳಿಯದಾದರೂ ಹೊಟ್ಟೆ ಚುರ್ ಅನ್ನುತ್ತದೆ.

ವೇರ್‌ಗೆ ದಾಳ ಬೇಡ. ದೊಡ್ಡ ಹಡಗು ಸರದಿಗೆ ಎರಡು ಭಾಗ, ಫ್ರಿಗೇಟ್ (ನಡುಗಾತ್ರದ ವೇಗದ ಯುದ್ಧನೌಕೆ) ಮೂರು, ಸಣ್ಣವು ನಾಲ್ಕು ಭಾಗ ತಿರುಗಲಿ. 20 ಪಾಯಿಂಟ್ ಅಂದರೆ ನಮ್ಮ ಹತ್ತು ಭಾಗ. 74 ತೋಪಿನ ಹಡಗಿಗೆ ಐದು ಸರದಿ, ಅಂದರೆ ಕಾಲು ಗಂಟೆ. ಅಷ್ಟರಲ್ಲಿ ಅದು ಗಾಳಿ ಹೋಗುವ ಕಡೆಗೆ ಬಹಳ ದೂರ ಇಳಿದಿರುತ್ತದೆ. ಮುಂದಿನ ಕೂವೆಮರ ಹೋಗಿದ್ದರೆ ತಿರುಗುವಿಕೆ ಅರ್ಧಕ್ಕೆ ಇಳಿಸಿ.

ಇದು ಅತಿಯಾಯಿತು ಅನಿಸಿದರೆ ಬ್ರಿಟಿಷರ ವಿರುದ್ಧ ಫ್ರೆಂಚ್-ಸ್ಪ್ಯಾನಿಷ್ ಪಡೆ ಕಾದಿದ ಟ್ರಫಾಲ್ಗರ್ ಕದನ ನೆನಪಿಸಿಕೊಳ್ಳಿ. 1805ರ ಅಕ್ಟೋಬರ್ 21ರ ಬೆಳಿಗ್ಗೆ ಫ್ರೆಂಚ್ ಅಡ್ಮಿರಲ್ ವಿಲ್ನೆವ್ ತನ್ನ 33 ಹಡಗುಗಳಿಗೆ ವೇರ್ ಮಾಡಿ ಹಿಂದಿರುಗಲು ಸಂಕೇತ ಕೊಟ್ಟ. ಗಾಳಿ ಮೆಲ್ಲಗಿತ್ತು, ಅಲೆ ದೊಡ್ಡದಿತ್ತು. ತಿರುಗಿ ಮುಗಿಯಲು ಸುಮಾರು ಎರಡು ಗಂಟೆ ಹಿಡಿಯಿತು. ಮುಗಿದಾಗ ಸಾಲು ಅಂಕುಡೊಂಕಾಗಿ ಬಾಗಿತ್ತು. ಒಂದು ಗುಂಡೂ ಹಾರುವ ಮೊದಲೇ ಆದ ಹಾನಿ ಅದು. ಇನ್ನೊಂದು ಕಡೆ, 1797ರಲ್ಲಿ ಕೇಪ್ ಸೇಂಟ್ ವಿನ್ಸೆಂಟ್ ಬಳಿ ಸ್ಪ್ಯಾನಿಷರ ವಿರುದ್ಧದ ಕದನದಲ್ಲಿ ಬ್ರಿಟಿಷ್ ನೌಕಾಧಿಕಾರಿ ನೆಲ್ಸನ್ ತನ್ನ ಕ್ಯಾಪ್ಟನ್ ಹೆಸರಿನ ಹಡಗನ್ನು ಸಾಲಿನಿಂದ ಹೊರಗೆ ತೆಗೆದದ್ದು ವೇರ್ ಮಾಡಿಯೇ. ಮೇಜಿನ ಮೇಲೆ ಇವೆರಡನ್ನೂ ಆಡಿ ನೋಡಿ. ಒಂಟಿ ಹಡಗಿಗೆ ವೇರ್ ಎಷ್ಟು ಸಲೀಸು, ಇಡೀ ಸಾಲಿಗೆ ಎಷ್ಟು ಕಷ್ಟ ಅಂತ ಕೈಗೇ ಗೊತ್ತಾಗುತ್ತದೆ.

ಭಾರಕ್ಕೆ ಬೆಲೆ ಕೊಡಿ

ಸಾವಿರಾರು ಟನ್ ಮರ ಮತ್ತು ಕಬ್ಬಿಣ ತಕ್ಷಣ ಓಡುವುದೂ ಇಲ್ಲ, ತಕ್ಷಣ ನಿಲ್ಲುವುದೂ ಇಲ್ಲ. ದೊಡ್ಡ ಹಡಗಿನ ವೇಗ ಸರದಿಗೆ 3 ಸೆಂಟಿಮೀಟರ್ ಮಾತ್ರ ಏರಲಿ, ಫ್ರಿಗೇಟ್ ಮತ್ತು ಸಣ್ಣವಕ್ಕೆ 6. ಇಳಿಯುವುದು ಎಲ್ಲರಿಗೂ 6. ಟಾಪ್‌ಸೈಲ್‌ಗಳನ್ನು ಗಾಳಿಗೆ ಹಿಂದುಮುಂದಾಗಿ ತಿರುಗಿಸಿ ತಡೆದರೆ 12. ಯಾವ ಹಡಗೂ ತನ್ನ ಉದ್ದದಷ್ಟು ಮುಂದೆ ಹೋಗದೆ ಮೊದಲ ತಿರುವು ತೆಗೆದುಕೊಳ್ಳಬಾರದು.

ಇದಕ್ಕಿಂತ ಮುಖ್ಯವಾದ ಒಂದು ನಿಯಮ: ಚುಕ್ಕಾಣಿಯ ಆದೇಶ ಈ ಸರದಿಯಲ್ಲೇ ನಡೆಯುತ್ತದೆ, ಹಾಯಿಯ ಆದೇಶ ಮುಂದಿನ ಸರದಿಯಲ್ಲಿ. ಹಾಯಿ ಹೆಚ್ಚಿಸುವುದು, ಇಳಿಸುವುದು, ತಡೆಯುವುದು ಎಲ್ಲ ಈಗ ಬರೆಯಬೇಕು, ಆಮೇಲೆ ಆಗುತ್ತದೆ. ಜನ ಕೂವೆಮರ ಹತ್ತಬೇಕಲ್ಲ! ಎಲ್ಲರೂ ಚೀಟಿಯಲ್ಲಿ ಬರೆದು ಒಟ್ಟಿಗೆ ತೆರೆಯಿರಿ. ಮೊದಲ ಎರಡು ಆಟ ಇದು ಕಿರಿಕಿರಿ ಅನಿಸುತ್ತದೆ. ಮೂರನೇ ಆಟದಲ್ಲಿ ಎಲ್ಲರೂ ತಾವಾಗಿಯೇ ಮುಂದಿನದನ್ನು ಲೆಕ್ಕ ಹಾಕುತ್ತಿರುತ್ತಾರೆ.

ಜನರ ಲೆಕ್ಕವನ್ನೂ ಸೇರಿಸಬೇಕು ಅಂದರೆ ಪ್ರತಿ ಹಡಗಿಗೆ ಆರು ಬಿಲ್ಲೆ ಕೊಡಿ. ಒಂದು ಬದಿಯ ತೋಪುಗಳಿಗೆ ಮೂರು, ಟ್ಯಾಕ್ ಅಥವಾ ಹಾಯಿ ಬದಲಾವಣೆಗೆ ಮೂರು, ಬೆಂಕಿ ಆರಿಸಲು ಅಥವಾ ನೀರು ಹೊರಹಾಕಲು ಒಂದು. ಎರಡೂ ಬದಿಯ ತೋಪುಗಳನ್ನು ಪೂರ್ತಿ ನಡೆಸುತ್ತಾ ಹಾಯಿಯ ಕೆಲಸವನ್ನೂ ಮಾಡುವಷ್ಟು ಜನ ನಿಜವಾದ ಹಡಗಿನಲ್ಲೂ ಇರುತ್ತಿರಲಿಲ್ಲ. ಟ್ಯಾಕ್ ಮಾಡುತ್ತಾ ಎರಡೂ ಬದಿಯಿಂದ ಗುಂಡು ಹಾರಿಸುವ ಆಸೆ ಇಲ್ಲಿಗೆ ಮುಗಿಯಿತು.

ಗಾಳಿಬದಿಯ ಲಾಭ, ಗಾಳಿಬದಿಯ ನಷ್ಟ

ಹೊಗೆಗೆ ಹತ್ತಿ ಸಾಕು. ಗುಂಡು ಹಾರಿಸಿದ ಬದಿಗೆ ಒಂದು ತುಂಡು ಇಡಿ. ಪ್ರತಿ ಸರದಿಯ ಕೊನೆಗೆ ಗಾಳಿ ಹೋಗುವ ಕಡೆಗೆ 6 ಸೆಂಟಿಮೀಟರ್ ಸರಿಸಿ, ಎರಡು ಸರದಿಗೆ ತೆಗೆಯಿರಿ. ಹೊಗೆಯ ಮೂಲಕ ಹಾರಿಸಿದ ಗುಂಡಿಗೆ ನಿಮ್ಮ ಆಟದಲ್ಲಿರುವ ಅತಿ ಸಣ್ಣ ದಂಡ ಕೊಡಿ. ಗಾಳಿಬದಿಯವನ ಹೊಗೆ ಶತ್ರುವಿನ ಮುಖಕ್ಕೇ ಹೋಗುತ್ತದೆ. ಶತ್ರುವಿನ ಹೊಗೆ ಗಾಳಿಬದಿಯವನಿಂದ ದೂರ ಸರಿಯುತ್ತದೆ.

ನಷ್ಟದ ಕಡೆ ಹೆಚ್ಚಿನವರು ಮರೆಯುತ್ತಾರೆ. ಗಾಳಿ ಜೋರಾದರೆ ಹಡಗು ಗಾಳಿ ಹೋಗುವ ಕಡೆಗೆ ವಾಲುತ್ತದೆ. ಗಾಳಿಬದಿಯವನು ಶತ್ರುವಿಗೆ ತೋರಿಸುವುದು ವಾಲಿದ ಬದಿಯನ್ನೇ. ಅಲ್ಲಿಯ ಕೆಳ ಅಂತಸ್ತಿನ ತೋಪುಕಿಂಡಿಗಳು ನೀರಿಗೆ ಹತ್ತಿರ, ಭಾರಿ ತೋಪುಗಳಿರುವುದೂ ಅಲ್ಲೇ. ಹಾಗಾಗಿ ಜೋರು ಗಾಳಿಯಲ್ಲಿ ಎರಡು ಅಥವಾ ಮೂರು ಅಂತಸ್ತಿನ ಹಡಗು ವಾಲಿದ ಬದಿಯ ಕೆಳ ಕಿಂಡಿ ಮುಚ್ಚಬೇಕು, ಅಥವಾ ಪ್ರತಿ ಸರದಿ ಎರಡು ದಾಳ ಹಾಕಬೇಕು. 2 ಅಥವಾ 3 ಬಂದರೆ ನೀರು ನುಗ್ಗಿತು, ನಿಮ್ಮ ಆಟದ ದೊಡ್ಡ ಹಾನಿ ಅನ್ವಯಿಸಿ. 1759ರ ನವೆಂಬರ್ 20ರಂದು ಕಿಬೆರಾನ್ ಕೊಲ್ಲಿಯ ಬಿರುಗಾಳಿಯಲ್ಲಿ ಫ್ರೆಂಚರ 74 ತೋಪಿನ ಥೆಸೆ ಮುಳುಗಿದ್ದು ಹೀಗೇ, ಕೆಳ ಕಿಂಡಿಗಳಿಂದ ನೀರು ನುಗ್ಗಿ. ಸೋಲುತ್ತಿರುವಾಗ ದೂರ ಸರಿಯುವುದು ಕೂಡ ಗಾಳಿಬದಿಯವನಿಗೆ ಕಷ್ಟ. ಕೂವೆಮರ ಮುರಿದರೆ ಅವನು ಜಾರುವುದು ಶತ್ರುವಿನ ಕಡೆಗೇ.

ಗಾಳಿ ತಡೆಯುವ ನಿಯಮವನ್ನೂ ಸೇರಿಸಿ: ನಿಮ್ಮ ಹಡಗಿಗೆ ಗಾಳಿ ಬರುವ ನೇರದಲ್ಲಿ, ಎರಡು ಹಡಗುದ್ದದ ಒಳಗೆ, ನಿಮ್ಮಷ್ಟೇ ಅಥವಾ ನಿಮಗಿಂತ ದೊಡ್ಡ ಹಡಗು ಇದ್ದರೆ ನಿಮ್ಮ ಓಟ ಅರ್ಧ.

ಗಾಳಿ ಬದಲಾಗಲಿ, ಆದರೆ ಅಪರೂಪಕ್ಕೆ

ಪ್ರತಿ ಸರದಿ ಗಾಳಿಗೆ ದಾಳ ಹಾಕುವ ನಿಯಮ ನನಗೆ ಇಷ್ಟವಿಲ್ಲ. ಅದು ಯೋಚಿಸಿ ಆಡುವವನಿಗೆ ಮೋಸ. ಮೂರು ಸರದಿಗೊಮ್ಮೆ ಎರಡು ದಾಳ ಹಾಕಿ. 2 ಬಂದರೆ ಗಾಳಿ ಎಡಕ್ಕೆ ಒಂದು ಭಾಗ, 12 ಬಂದರೆ ಬಲಕ್ಕೆ ಒಂದು ಭಾಗ. 3 ಬಂದರೆ ಒಂದು ಹಂತ ಇಳಿಯುತ್ತದೆ, 11 ಬಂದರೆ ಒಂದು ಹಂತ ಏರುತ್ತದೆ. 36ರಲ್ಲಿ 6 ಸಾಧ್ಯತೆ ಮಾತ್ರ. ಆದರೆ ಒಮ್ಮೆ ಬದಲಾದರೆ ಗಾಳಿಗೆ ಒತ್ತಿ ಹೋಗುತ್ತಿದ್ದ ಸಾಲು ಮೂರನೇ ಗೆರೆಯ ಒಳಗೆ ಸಿಕ್ಕಿಬೀಳಬಹುದು. ಆಗ ಅದು ತಕ್ಷಣ ಕೆಳಗೆ ತಿರುಗಲೇಬೇಕು, ಸಾಲು ಒಡೆಯುತ್ತದೆ. 1782ರ ಏಪ್ರಿಲ್ 12ರಂದು ಸೇಂಟ್ಸ್ ಕದನದಲ್ಲಿ ಫ್ರೆಂಚ್ ಸಾಲು ಒಡೆದದ್ದು, ಬ್ರಿಟಿಷ್ ಅಡ್ಮಿರಲ್ ರಾಡ್ನಿಯ ಹಡಗುಗಳು ಅದರ ನಡುವೆ ನುಗ್ಗಿದ್ದು ಗಾಳಿ ತಿರುಗಿದಾಗಲೇ.

ಮೆಲುಗಾಳಿಯೂ ಇಳಿದರೆ ಗಾಳಿ ನಿಂತಂತೆ. ಆಗ ದೋಣಿ ಇಳಿಸಿ ಎಳೆಯಬಹುದು: ಸರದಿಗೆ 2 ಸೆಂಟಿಮೀಟರ್, ಅಥವಾ ನಿಂತಲ್ಲೇ ಒಂದು ಭಾಗ ತಿರುಗುವುದು. ಮೂರು ಬಿಲ್ಲೆ ಅದಕ್ಕೇ ಹೋಗುತ್ತವೆ. 1812ರ ಜುಲೈನಲ್ಲಿ ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಬ್ರಿಟಿಷ್ ಪಡೆಯಿಂದ ತಪ್ಪಿಸಿಕೊಂಡಾಗ ದೋಣಿಯಲ್ಲಿ ಲಂಗರನ್ನು ಮುಂದೆ ಒಯ್ದು ಹಾಕಿ, ಹಗ್ಗ ಸುತ್ತಿ ಹಡಗನ್ನೇ ಅದರತ್ತ ಎಳೆದುಕೊಂಡಿದ್ದರು. ಟ್ರಫಾಲ್ಗರ್‌ನಲ್ಲಿ ಫ್ರೆಂಚ್ ಅಡ್ಮಿರಲ್ ಡುಮನುವಾರ್‌ನ ಮುಂಪಡೆ ಹಿಂದಿರುಗಲು ದೋಣಿಗಳ ನೆರವು ಪಡೆಯಿತು, ಆದರೂ ತಡವಾಯಿತು.

ಯಾವ ಕ್ರಮದಲ್ಲಿ ಸೇರಿಸಬೇಕು

ಎಲ್ಲವನ್ನೂ ಒಂದೇ ದಿನ ತರಬೇಡಿ. ಮೊದಲ ಆಟಕ್ಕೆ ತೋಪುಗಳೇ ಬೇಡ. ಒಬ್ಬೊಬ್ಬರಿಗೆ ಒಂದು ಫ್ರಿಗೇಟ್ ಕೊಡಿ. ಗಾಳಿ ಬರುವ ಕಡೆ 15 ಸೆಂಟಿಮೀಟರ್ ದೂರದಲ್ಲಿ ಒಂದು ಗುರುತು ಇಡಿ. ಗಾಳಿಚಕ್ರ, ಜಾರುವಿಕೆ, ಟ್ಯಾಕ್ ಮತ್ತು ವೇರ್ ಮಾತ್ರ. ಗುರುತನ್ನು ಸುತ್ತಿ ಮೊದಲು ಹಿಂದೆ ಬಂದವನು ಗೆದ್ದ. ಒಂದು ಗಂಟೆಯಲ್ಲಿ ಮುಗಿಯುವ ಈ ಪಂದ್ಯ ನಿಯಮ ಪುಸ್ತಕಕ್ಕಿಂತ ಜಾಸ್ತಿ ಕಲಿಸುತ್ತದೆ.

ಎರಡನೇ ಆಟಕ್ಕೆ ಭಾರ ಮತ್ತು ಚೀಟಿ ಆದೇಶ, ಒಬ್ಬರಿಗೆ ಎರಡು ಹಡಗು, ತೋಪುಗಳ ಜೊತೆ. ಹೊಗೆ, ವಾಲುವಿಕೆ, ಬಿಲ್ಲೆ ಮೂರನೇ ಆಟಕ್ಕೆ. ಒಬ್ಬ ಆಟಗಾರನ ಕೈಗೆ ನಾಲ್ಕಕ್ಕಿಂತ ಹೆಚ್ಚು ಹಡಗು ಕೊಟ್ಟರೆ ಬಿಲ್ಲೆಗಳನ್ನು ಕೈಬಿಡಿ, ಆಟ ತೆವಳುತ್ತದೆ. ಜಾರುವಿಕೆಯನ್ನು ಮಾತ್ರ ಎಷ್ಟೇ ಹಡಗು ಇದ್ದರೂ ಬಿಡಬೇಡಿ.

ಸಂಖ್ಯೆಗಳನ್ನು ನಿಮ್ಮ ಮೇಜಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಮೇಜು ಚಿಕ್ಕದಾದರೆ ಎಲ್ಲ ಓಟ, ಎಲ್ಲ ಜಾರುವಿಕೆಯನ್ನೂ ಒಟ್ಟಿಗೆ ಅರ್ಧ ಮಾಡಿ. ಒಂದನ್ನು ಮಾತ್ರ ಮುಟ್ಟಿದರೆ ಲೆಕ್ಕ ಕೆಡುತ್ತದೆ. ಹಡಗುಗಳು ಮೇಜಿನ ಅಂಚು ತಲುಪಿದರೆ ಎಲ್ಲವನ್ನೂ ಒಂದೇ ಅಳತೆಗೆ ಗಾಳಿ ಬರುವ ಕಡೆಗೆ ಎತ್ತಿಡಿ. ಗಾಳಿಯ ಬಾಣವನ್ನು ಮೂಲೆಯಿಂದ ತೆಗೆದು, ಎಲ್ಲರಿಗೂ ಕಾಣುವಂತೆ ಮೇಜಿನ ಗಾಳಿಬದಿಯ ಅಂಚಿನ ನಡುವೆ ಇಡಿ.